ಸದ್ದಿಲ್ಲದೆ ಶುರುವಾಗದ ಆಟ

ಆಟದ ಐಕಾನ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಪರದೆ ಕಪ್ಪಾಗುತ್ತದೆ. ಕಂಪನಿಯ ಲಾಂಛನ ಬರಬೇಕಾದ ಹೊತ್ತಿಗೆ ಮತ್ತೆ ಡೆಸ್ಕ್‌ಟಾಪೇ ಕಾಣುತ್ತದೆ. ಏನಾಯಿತೆಂದು ಹೇಳುವ ಒಂದು ಸಾಲೂ ಇರುವುದಿಲ್ಲ. ಆಗ ಎಲ್ಲರ ಅನುಮಾನವೂ ಮೊದಲು ಗ್ರಾಫಿಕ್ಸ್ ಕಾರ್ಡಿನ ಮೇಲೆ, ನಂತರ ರ‍್ಯಾಮಿನ ಮೇಲೆ ಹೋಗುತ್ತದೆ. ಸೌಂಡ್ ಕಾರ್ಡಿನ ಸರದಿ ಬರುವುದು ತೀರಾ ಕೊನೆಗೆ, ಏಕೆಂದರೆ ಕಿವಿಗೆ ಸಂಬಂಧಪಟ್ಟ ದೋಷವೊಂದು ಇಡೀ ಆಟವನ್ನೇ ತಡೆದೀತೆಂದು ಸುಲಭಕ್ಕೆ ಹೊಳೆಯುವುದಿಲ್ಲ. ಹೊಳೆದ ಮೇಲೂ ಸಿಗುವ ಸಲಹೆ ಸಿದ್ಧವಾಗಿರುತ್ತದೆ: ಹೊಸ ಡ್ರೈವರ್ ಹಾಕಿ, ಡೈರೆಕ್ಟ್‌ಎಕ್ಸ್ ಮತ್ತೆ ಇನ್‌ಸ್ಟಾಲ್ ಮಾಡಿ, ಅದಕ್ಕೂ ಬಗ್ಗದಿದ್ದರೆ ಆಟವನ್ನೇ ತೆಗೆದು ಮತ್ತೆ ಹಾಕಿ. ವರ್ಷಗಳಿಂದ ಚಲಾವಣೆಯಲ್ಲಿರುವ ಈ ರಿಪೇರಿ ಪದ್ಧತಿಯ ಬಗ್ಗೆ ನನ್ನ ತಕರಾರು ಒಂದೇ. ಇದರಲ್ಲಿ ಸೇರಿಸುವ ಹೆಜ್ಜೆಗಳೇ ತುಂಬಿವೆ, ಕಳೆಯುವ ಹೆಜ್ಜೆ ಒಂದೂ ಇಲ್ಲ. ದೋಷ ಶಬ್ದದ್ದೇ ಹೌದೋ ಅಲ್ಲವೋ ತಿಳಿಯಬೇಕಾದರೆ ಶಬ್ದವನ್ನು ಪೂರ್ತಿ ತೆಗೆದು ಆಟ ನಡೆಸಿ ನೋಡಬೇಕು. ಆ ಸರಳ ಪರೀಕ್ಷೆಯನ್ನು ಸಲಹೆ ಕೊಡುವವರು ಮರೆತಿದ್ದಾರೆ. ಅದಕ್ಕೂ ಮೊದಲು ಆಟ ಮಾಡುವವರೇ ಅದಕ್ಕಿದ್ದ ಬಾಗಿಲನ್ನು ಮುಚ್ಚಿದ್ದಾರೆ.

ಆ ಬಾಗಿಲು ಡಾಸ್ ಕಾಲದಲ್ಲಿ ಹಾರು ಹೊಡೆದು ತೆರೆದಿತ್ತು. ಸಿಂಗಪುರದ ಕ್ರಿಯೇಟಿವ್ ಕಂಪನಿ 1989ರಲ್ಲಿ ಸೌಂಡ್ ಬ್ಲಾಸ್ಟರ್ ತಂದ ಮೇಲೆ ಪಿಸಿ ಆಟಗಳ ಮಟ್ಟಿಗೆ ಅದೇ ಮಾದರಿಯಾಯಿತು. ಸೌಂಡ್ ಕಾರ್ಡ್ ಎಂಬ ವಸ್ತುವಿನ ಪರಿವೆಯೇ ಡಾಸ್‌ಗೆ ಇರಲಿಲ್ಲವಾದ್ದರಿಂದ ಪ್ರತಿ ಆಟವೂ ಕಾರ್ಡಿನ ಜೊತೆ ತಾನೇ ವ್ಯವಹರಿಸಬೇಕಿತ್ತು. ಕಾರ್ಡ್ ಯಾವ ಪೋರ್ಟ್ ವಿಳಾಸದಲ್ಲಿದೆ, ಯಾವ ಇಂಟರಪ್ಟ್ ಗೆರೆಯಲ್ಲಿ ಕರೆಯುತ್ತದೆ, ಯಾವ ಡಿಎಂಎ ಚಾನೆಲ್ಲಿನಲ್ಲಿ ಶಬ್ದದ ದತ್ತಾಂಶ ಎಳೆದುಕೊಳ್ಳುತ್ತದೆ ಎಂಬ ಮೂರು ಸಂಗತಿಗಳನ್ನು ಆಟಕ್ಕೆ ತಿಳಿಸಬೇಕಿತ್ತು. 1992ರ ಸೌಂಡ್ ಬ್ಲಾಸ್ಟರ್ 16ರಲ್ಲಿ ಇವು ಸಾಮಾನ್ಯವಾಗಿ 220, 5 ಮತ್ತು 1. ಇದನ್ನು ಕೇಳುತ್ತಿದ್ದುದು ಆಟದ ಜೊತೆ ಬರುತ್ತಿದ್ದ ಸೆಟಪ್ ಎಂಬ ಪುಟ್ಟ ಪ್ರೋಗ್ರಾಂ. 1993ರ ಡೂಮ್ ಆಟದ ಸೆಟಪ್ಪನ್ನು ಹತ್ತಿರದಿಂದ ನೋಡಿದರೆ ಅದರ ವಿವೇಕ ಕಾಣುತ್ತದೆ. ಅದು ಸಂಗೀತಕ್ಕೆ ಯಾವ ಕಾರ್ಡ್ ಎಂದು ಒಮ್ಮೆ, ಗುಂಡಿನ ಸದ್ದು ಮತ್ತು ಕಿರುಚಾಟಕ್ಕೆ ಯಾವ ಕಾರ್ಡ್ ಎಂದು ಇನ್ನೊಮ್ಮೆ ಕೇಳುತ್ತದೆ. ಎರಡೂ ಪಟ್ಟಿಗಳಲ್ಲಿ 'ಯಾವುದೂ ಬೇಡ' ಎಂಬ ಆಯ್ಕೆಯಿದೆ. ಅಷ್ಟು ಸಾಲದೆಂಬಂತೆ ಆಟ ಶುರುಮಾಡುವಾಗ ಟೈಪ್ ಮಾಡಲು ನೋಸೌಂಡ್, ನೋಮ್ಯೂಸಿಕ್, ನೋಎಸ್ಎಫ್ಎಕ್ಸ್ ಎಂಬ ಮೂರು ಬೇರೆ ಬೇರೆ ಸ್ವಿಚ್ಚುಗಳೂ ಇವೆ. ಮೂರು ಸ್ವಿಚ್ಚೆಂದರೆ ಮೂರು ಪ್ರಯೋಗ. ಆಡ್‌ಲಿಬ್ ಬಗೆಯ ಸಂಗೀತ ಬರುತ್ತಿದ್ದುದು ಕಾರ್ಡಿನ ಮೇಲಿನ ಯಮಹಾ ಚಿಪ್ಪಿನಿಂದ. ಅದಕ್ಕೆ ಇಂಟರಪ್ಟೂ ಬೇಡ, ಡಿಎಂಎಯೂ ಬೇಡ. ಗುಂಡಿನ ಸದ್ದಿಗೆ ಎರಡೂ ಬೇಕು. ಹೀಗಾಗಿ ಸಂಗೀತವಷ್ಟೇ ಇಟ್ಟಾಗ ಆಟ ತೆರೆದುಕೊಂಡು, ಗುಂಡಿನ ಸದ್ದು ಸೇರಿಸಿದ ಕೂಡಲೇ ಹ್ಯಾಂಗ್ ಆದರೆ ಎಡವಟ್ಟು ಇಂಟರಪ್ಟಿನದೋ ಡಿಎಂಎಯದೋ ಇರಬೇಕು ಎಂದು ಕಾರ್ಡ್ ಬಿಚ್ಚದೆಯೇ ಹೇಳಬಹುದಿತ್ತು.

ಹಾಗೆಂದು ಆ ಕಾಲವನ್ನು ಕೊಂಡಾಡಬೇಕಾಗಿಲ್ಲ. 220ರ ಕಾರ್ಡನ್ನು ಎಬ್ಬಿಸಲು ಪ್ರೋಗ್ರಾಂ 226ನೇ ಪೋರ್ಟಿಗೆ ಒಂದು, ತುಸು ತಡೆದು ಸೊನ್ನೆ ಬರೆಯುತ್ತದೆ. ಬಳಿಕ 22ಎ ಪೋರ್ಟಿನಲ್ಲಿ ಎಎ ಎಂಬ ಉತ್ತರಕ್ಕಾಗಿ ಕಾಯುತ್ತದೆ. ಕಾರ್ಡ್ ಅಲ್ಲಿಲ್ಲದಿದ್ದರೆ ಉತ್ತರ ಬರುವುದಿಲ್ಲ. ಎಷ್ಟು ಹೊತ್ತು ಕಾಯಬೇಕೆಂಬುದಕ್ಕೆ ಮಿತಿ ಹಾಕಿದ ಪ್ರೋಗ್ರಾಮರ್ 'ಕಾರ್ಡ್ ಸಿಗಲಿಲ್ಲ' ಎಂದು ಹೇಳಿ ಮುಂದೆ ಹೋಗುತ್ತಿದ್ದ, ಹಾಕದವನ ಆಟ ಕಾಯುತ್ತಲೇ ಇರುತ್ತಿತ್ತು. ಇಂಟರಪ್ಟ್ ತಪ್ಪಿದರೆ ಇನ್ನೊಂದು ಬಗೆಯ ಪೀಕಲಾಟ. ಕಾರ್ಡ್ ಒಂದು ತುಣುಕು ನುಡಿಸಿ ಮುಗಿಸಿ 5ನೇ ಗೆರೆಯಲ್ಲಿ ಕರೆಯುತ್ತದೆ, ಆಟವೋ 7ರಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಪರಿಣಾಮವಾಗಿ ಒಂದೇ ತುಣುಕು ತೊದಲಿದಂತೆ ಮತ್ತೆ ಮತ್ತೆ ಕೇಳುತ್ತದೆ, ಇಲ್ಲವೇ ಲೋಡಿಂಗ್ ಅಲ್ಲೇ ನಿಲ್ಲುತ್ತದೆ. ಸೌಂಡ್ ಬ್ಲಾಸ್ಟರಿನ ಹಳೆಯ ಕಾರ್ಡುಗಳು ಕಾರ್ಖಾನೆಯಿಂದಲೇ 7ಕ್ಕೆ ಹೊಂದಿಸಿಕೊಂಡು ಬರುತ್ತಿದ್ದವು, ಆ ಗೆರೆ ಮಾತ್ರ ಮೊದಲಿಂದಲೂ ಪ್ರಿಂಟರ್ ಪೋರ್ಟಿನದಾಗಿತ್ತು. ಆಟ ಆಡಲು ಕೂತವರಿಗೆ ಇದೆಲ್ಲ ತಿಳಿದಿರಬೇಕು ಎಂದದ್ದು ಅತಿಯಾಯಿತು. ಹಾಗಿದ್ದರೂ ಏನೂ ತಿಳಿಯದವರು ಕೂಡ 'ಯಾವುದೂ ಬೇಡ' ಎಂಬುದನ್ನು ಆರಿಸಿ ಆಟ ತೆರೆಯುತ್ತದೆಯೇ ಎಂದು ನೋಡಬಹುದಿತ್ತು.

ವಿಂಡೋಸ್ 95 ಬಂದು ಇಂಟರಪ್ಟ್ ಹಂಚುವ ಕೆಲಸ ತನ್ನ ಕೈಗೆ ತೆಗೆದುಕೊಂಡಿತು. ಅದೇ 1995ರಲ್ಲಿ ಬಂದ ಡೈರೆಕ್ಟ್‌ಎಕ್ಸ್, ಕಾರ್ಡ್ ಯಾವುದೆಂಬ ಚಿಂತೆಯನ್ನು ಆಟಗಳ ತಲೆಯಿಂದ ಇಳಿಸಿತು. ಇದು ದೊಡ್ಡ ಉಪಕಾರವೇ. ಆದರೆ ಕೇಳಬೇಕಾದ ಪ್ರಶ್ನೆಗಳು ಇಲ್ಲವಾದ ಮೇಲೆ ಸೆಟಪ್ ಪರದೆಯೂ ಮಾಯವಾಯಿತು, ಅದರೊಂದಿಗೆ 'ಯಾವುದೂ ಬೇಡ' ಎಂಬ ಸಾಲೂ ಹೋಯಿತು. ಹಾಗಾಗಲೇಬೇಕೆಂದಿರಲಿಲ್ಲ ಎಂಬುದಕ್ಕೆ 1996ರ ಕ್ವೇಕ್ ಆಟದ ವಿಂಡೋಸ್ ಆವೃತ್ತಿಯೇ ಸಾಕ್ಷಿ. ಅದು ಮೊದಲು ಡೈರೆಕ್ಟ್‌ಎಕ್ಸ್‌ನ ಶಬ್ದಭಾಗವಾದ ಡೈರೆಕ್ಟ್‌ಸೌಂಡ್ ಮೂಲಕ ಪ್ರಯತ್ನಿಸುತ್ತದೆ, ಆಗದಿದ್ದರೆ ಹಳೆಯ ವೇವ್ ದಾರಿ ಹಿಡಿಯುತ್ತದೆ, ಅದೂ ಆಗದಿದ್ದರೆ ಮೂಕವಾಗಿಯೇ ಆಟ ಶುರುಮಾಡುತ್ತದೆ. ಬೇರೊಂದು ಪ್ರೋಗ್ರಾಂ ಕಾರ್ಡನ್ನು ಹಿಡಿದಿಟ್ಟುಕೊಂಡಿದ್ದರೆ ಒಂದು ಪೆಟ್ಟಿಗೆ ತೆರೆದು, ಮತ್ತೊಮ್ಮೆ ಪ್ರಯತ್ನಿಸುತ್ತೀರೋ ಸದ್ದಿಲ್ಲದೆ ಆಡುತ್ತೀರೋ ಎಂದು ಕೇಳುತ್ತದೆ. ಏನು ತಪ್ಪಿದೆ, ಯಾಕೆ ತಪ್ಪಿದೆ, ಈಗ ಏನು ಮಾಡಬಹುದು ಎಂಬ ಮೂರೂ ಆ ಒಂದೇ ಪೆಟ್ಟಿಗೆಯಲ್ಲಿವೆ. ಈಚೆಗೆ ನೂರು ಜಿಬಿ ಜಾಗ ಕೇಳುವ ಆಟಗಳು ಒಂದಕ್ಷರವೂ ಹೇಳದೆ ಮುಚ್ಚಿಕೊಳ್ಳುವುದನ್ನು ನೋಡಿದರೆ, ಜಾಗದ ಕೊರತೆ ಅದಕ್ಕೆ ಕಾರಣವಲ್ಲ ಎಂದಷ್ಟೇ ಹೇಳಬಹುದು.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಬಾಯಿಂದ ಬಾಯಿಗೆ ಹಬ್ಬಿದ ಒಂದು ಸಲಹೆಯನ್ನು ಮಾತ್ರ ನಾನು ಮೆಚ್ಚುತ್ತೇನೆ. ಕಂಟ್ರೋಲ್ ಪ್ಯಾನೆಲ್ಲಿನ ಶಬ್ದ ವಿಭಾಗದಲ್ಲಿ ಹಾರ್ಡ್‌ವೇರ್ ಆಕ್ಸಿಲರೇಷನ್ ಎಂಬ ಜಾರುಗುಂಡಿ ಇತ್ತು, ಅದಕ್ಕೆ ನಾಲ್ಕು ಮೆಟ್ಟಿಲು. ಅದನ್ನು ಬಲದಿಂದ ಎಡಕ್ಕೆ ಎಳೆಯಿರಿ, ಆಟ ತೆರೆದೀತು ಎನ್ನುತ್ತಿದ್ದರು. ಇದು ಹಂತಹಂತವಾಗಿ ಕಳೆಯುವ ಕ್ರಮ. ಎಡಕ್ಕೆ ಹೋದಂತೆ ಶಬ್ದಗಳನ್ನು ಬೆರೆಸುವ ಕೆಲಸ ಕಾರ್ಡ್ ಮತ್ತು ಅದರ ಡ್ರೈವರಿನಿಂದ ತಪ್ಪಿ ವಿಂಡೋಸಿಗೂ ಪ್ರೊಸೆಸರಿಗೂ ಬರುತ್ತದೆ. ಅಂದರೆ ಡ್ರೈವರಿನ ದುರ್ಬಲ ಭಾಗಕ್ಕೆ ಹೋಗುವ ದಾರಿ ಕಟ್ಟಾಗುತ್ತದೆ. ಕೆಲಸ ಸರಿಯಿತ್ತು, ಕೊಡುತ್ತಿದ್ದ ವಿವರಣೆ ತಪ್ಪಿತ್ತು. 'ಕಂಪ್ಯೂಟರಿನ ಹೊರೆ ಕಡಿಮೆಯಾಗುತ್ತದೆ' ಎನ್ನುತ್ತಿದ್ದರು, ನಿಜಕ್ಕೂ ಪ್ರೊಸೆಸರಿನ ಹೊರೆ ಹೆಚ್ಚುತ್ತಿತ್ತು. ವಿವರಣೆ ತಪ್ಪಾದ್ದರಿಂದಲೇ ಮುಂದಿನ ಹೆಜ್ಜೆ ಯಾರಿಗೂ ಹೊಳೆಯಲಿಲ್ಲ. ದೋಷ ಡ್ರೈವರಿನದೆಂದು ಆಗಲೇ ಸಾಬೀತಾಗಿತ್ತು, ಹೊಸ ಡ್ರೈವರ್ ಹುಡುಕಬೇಕಾದ ಸರಿಯಾದ ಗಳಿಗೆ ಅದೇ ಆಗಿತ್ತು. ಜನ ಗುಂಡಿಯನ್ನು ಎಡತುದಿಯಲ್ಲೇ ಬಿಟ್ಟು, ಎಲ್ಲ ಆಟಗಳ ಮೂರು ಆಯಾಮದ ಸದ್ದನ್ನೂ ಕಳೆದುಕೊಂಡು ಸುಮ್ಮನಾದರು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಲ್ಲಿ ಮೈಕ್ರೋಸಾಫ್ಟ್ ಹೆಚ್ಚುಕಡಿಮೆ ಇದನ್ನೇ ಎಲ್ಲರಿಗೂ ಕಾಯಂ ಮಾಡಿತು. ಶಬ್ದದ ಬಹುಪಾಲು ಕೆಲಸ ಕರ್ನೆಲ್ ಬಿಟ್ಟು ಹೊರಬಂತು, ಡೈರೆಕ್ಟ್‌ಸೌಂಡ್ ನೇರ ಕಾರ್ಡಿಗೆ ಹೋಗುವ ದಾರಿ ಮುಚ್ಚಿತು. ಹಳೆಯ ಆಟಗಳ ಇಎಎಕ್ಸ್ ಎಂಬ ಧ್ವನಿ ಪರಿಣಾಮಗಳನ್ನು ಉಳಿಸಿಕೊಡಲು ಕ್ರಿಯೇಟಿವ್ ಆಲ್ಕೆಮಿ ಎಂಬ ತಂತ್ರಾಂಶವನ್ನೇ ಬರೆಯಬೇಕಾಯಿತು.

ಈಗಿನ ತೊಂದರೆಯ ಬಗೆ ಬೇರೆ. ಶಬ್ದದ ಚಿಪ್ಪು ಮದರ್‌ಬೋರ್ಡಿನಲ್ಲೇ ಇರುತ್ತದೆ, ಕೆಟ್ಟೂ ಇರುವುದಿಲ್ಲ. ಆದರೆ ಪಿನ್ನು ಚುಚ್ಚಿದೆಯೋ ಇಲ್ಲವೋ ಎಂಬುದನ್ನು ಜ್ಯಾಕ್ ತಾನೇ ಗುರುತಿಸುತ್ತದೆ. ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಸ್ಪೀಕರೂ ಇಲ್ಲ, ಹೆಡ್‌ಫೋನೂ ಇಲ್ಲ ಎಂದಾದರೆ ವಿಂಡೋಸ್ ಪಾಲಿಗೆ ಅಲ್ಲಿ ನುಡಿಸುವ ಸಾಧನವೇ ಇಲ್ಲ. ಆಟಗಳು ಬಳಸುವ ಎಕ್ಸ್‌ಆಡಿಯೋ2 ಎಂಬ ವ್ಯವಸ್ಥೆಯಲ್ಲಿ ಮುಖ್ಯ ಧ್ವನಿಮಾರ್ಗ ತೆರೆಯಲು ಹೋದಾಗ, ಸಾಧನ ಸಿಗದಿದ್ದರೆ ದೋಷಸಂಖ್ಯೆ ವಾಪಸು ಬರುತ್ತದೆ. ಆ ಸಂಖ್ಯೆಯನ್ನು ನೋಡದೆ ಮುಂದಿನ ಸಾಲಿಗೆ ಹೋದ ಆಟ ಅಲ್ಲೇ ಕುಸಿಯುತ್ತದೆ. ಇದಕ್ಕೆ ಪರಿಹಾರ 3.5 ಮಿಲಿಮೀಟರಿನ ಒಂದು ಪಿನ್ನು. ಅದರ ಇನ್ನೊಂದು ತುದಿಯಲ್ಲಿ ಹೆಡ್‌ಫೋನ್ ಕೆಟ್ಟಿದ್ದರೂ ಅಡ್ಡಿಯಿಲ್ಲ, ಆಟ ತೆರೆಯುತ್ತದೆ. ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಹಾಕಿದ ಮೇಲೆ ಎಚ್‌ಡಿಎಂಐ ಮೂಲಕ ಮಾನಿಟರೇ ಮುಖ್ಯ ಶಬ್ದಸಾಧನವಾಗಿ ಕೂರುವುದೂ ಉಂಟು, ಆ ಮಾನಿಟರಿಗೆ ಸ್ಪೀಕರ್ ಇರಲಿ ಬಿಡಲಿ. ಈ ಎರಡರಲ್ಲೂ ಶಬ್ದದ ಡ್ರೈವರನ್ನು ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ. ಡಿವೈಸ್ ಮ್ಯಾನೇಜರಿಗೆ ಹೋಗಿ ಶಬ್ದದ ಸಾಧನಗಳನ್ನು ಒಂದೊಂದಾಗಿ ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿ, ಪ್ರತಿ ಸಲವೂ ಆಟ ತೆರೆದು ನೋಡಿದರೆ ಮಾತ್ರ ಕಳ್ಳ ಸಿಕ್ಕಿಬೀಳುತ್ತಾನೆ. ಈ ಪರೀಕ್ಷೆಗೆ ಇಂಟರ್‌ನೆಟ್ ಬೇಡ, ಇನ್‌ಸ್ಟಾಲ್ ಬೇಡ, ಆದದ್ದನ್ನು ಹಿಂದಕ್ಕೆ ತರಲು ಒಂದು ಕ್ಲಿಕ್ ಸಾಕು. ಎಲ್ಲ ಸಾಧನವೂ ನಿಷ್ಕ್ರಿಯವಾದಾಗ ಆಟ ಬೇರೊಂದು ಹಂತದಲ್ಲಿ ಬಿದ್ದರೆ, ಅದೂ ಒಂದು ಸುಳಿವೇ.

ಆಟ ಮಾಡುವವರ ಕಡೆಯಿಂದ ಇದಕ್ಕೊಂದು ಗಟ್ಟಿ ಆಕ್ಷೇಪಣೆ ಬರಬಹುದು. ಶಬ್ದ ಕೇವಲ ಅಲಂಕಾರವಲ್ಲ, ಎಷ್ಟೋ ಆಟಗಳಿಗೆ ಗಡಿಯಾರವೂ ಅದೇ. ಆರಂಭದ ವಿಡಿಯೋದಲ್ಲಿ ತುಟಿ ಮತ್ತು ಮಾತು ಹೊಂದಬೇಕಾದರೆ ಕಾರ್ಡ್ ಎಷ್ಟು ಶಬ್ದ ನುಡಿಸಿದೆ ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಚಿತ್ರ ಮುಂದೋಡಿಸುತ್ತಾರೆ. ಕಾರ್ಡೇ ಇಲ್ಲದಿದ್ದರೆ ಲೆಕ್ಕ ಮುಂದೆ ಸಾಗದು, ವಿಡಿಯೋ ಮೊದಲ ಚೌಕಟ್ಟಿನಲ್ಲೇ ನಿಲ್ಲುತ್ತದೆ, ಬಳಕೆದಾರನಿಗೆ ಅದು 'ಲೋಡ್ ಆಗುತ್ತಿಲ್ಲ' ಎಂದೇ ಕಾಣುತ್ತದೆ. ತೊಂದರೆ ನಿಜವಾದದ್ದೇ, ಆದರೆ ಅದಕ್ಕೆ ಉತ್ತರ ಸಿಕ್ಕಿ ಬಹಳ ಕಾಲವಾಗಿದೆ. ಆಟಗಳು ಹೆಚ್ಚಾಗಿ ಬಳಸುವ ಎಫ್‌ಮಾಡ್ ಎಂಬ ಶಬ್ದದ ತಂತ್ರಾಂಶದಲ್ಲಿ ನೋಸೌಂಡ್ ಎಂಬ ಹೊರದಾರಿ ಇದೆ. ಅದು ಎಲ್ಲ ಶಬ್ದವನ್ನೂ ನಿಜದ ವೇಗದಲ್ಲೇ ಬೆರೆಸಿ, ಕೊನೆಯಲ್ಲಿ ಚೆಲ್ಲಿಬಿಡುತ್ತದೆ. ಆಟಗಳು ಬಳಸುವ ಇತರ ತಂತ್ರಾಂಶಗಳಾದ ಓಪನ್‌ಎಎಲ್ ಸಾಫ್ಟ್‌ನಲ್ಲಿ ನಲ್, ಎಸ್‌ಡಿಎಲ್‌ನಲ್ಲಿ ಡಮ್ಮಿ ಎಂಬ ಹೆಸರಿನಲ್ಲಿ ಇದೇ ವ್ಯವಸ್ಥೆ ಉಂಟು. ಕಾರ್ಡ್ ಇಲ್ಲದಿದ್ದರೂ ಗಡಿಯಾರ ಓಡುತ್ತದೆ. ಎಫ್‌ಮಾಡ್‌ನವರು ಹಿಂದೆ ತಮ್ಮ ಕೈಪಿಡಿಯಲ್ಲಿ ಶಿಫಾರಸು ಮಾಡಿದ್ದ ಆರಂಭದ ಕ್ರಮದಲ್ಲೇ, ಸಾಧನಗಳ ಸಂಖ್ಯೆ ಸೊನ್ನೆಯಾದರೆ ಈ ಮೂಕ ದಾರಿಗೆ ಹೊರಳಿರಿ ಎಂದಿತ್ತು. ಎಕ್ಸ್‌ಪಿಯ ಆ ಜಾರುಗುಂಡಿ ಎಡತುದಿಯಲ್ಲಿದ್ದರೆ ಏನು ಮಾಡಬೇಕೆಂಬುದೂ ಅದರಲ್ಲೇ ಇತ್ತು. ನಾಲ್ಕು ಸಾಲಿನ ಆ ಕೋಡನ್ನು ನಕಲು ಮಾಡದ ಆಟ ಗಡಿಯಾರದ ನೆಪ ಹೇಳಿದರೆ ಒಪ್ಪುವುದು ಕಷ್ಟ.

ಸದ್ದಿಲ್ಲದೆ ಆಡಿದರೆ ಆಟವೇ ಕೆಡುತ್ತದೆ, ಹಾಗೆ ಆಡಲು ಬಿಡುವುದು ಕೃತಿಗೆ ಮಾಡುವ ಅನ್ಯಾಯ ಎಂಬುದು ಇನ್ನೊಂದು ವಾದ. 1998ರ ಥೀಫ್‌ನಂಥ ಆಟದಲ್ಲಿ ಕಾವಲುಗಾರನ ಹೆಜ್ಜೆ ಕೇಳಿಸದಿದ್ದರೆ ಆಟಗಾರ ಕುರುಡನೇ ಸರಿ, ಅಷ್ಟರ ಮಟ್ಟಿಗೆ ವಾದವನ್ನು ಒಪ್ಪುತ್ತೇನೆ. ಆದರೆ ಚೆನ್ನಾಗಿ ಆಡಲಾಗದಿರುವುದಕ್ಕೂ ತೆರೆಯದೇ ಇರುವುದಕ್ಕೂ ವ್ಯತ್ಯಾಸವಿದೆ. ವಾಲ್ಯೂಮ್ ಸೊನ್ನೆಗೆ ಇಳಿಸಿ ಆಡುವವರನ್ನು ಯಾವ ಆಟವೂ ತಡೆಯುವುದಿಲ್ಲ. ಕಿವಿ ಕೇಳದವರು ಆಟಗಳನ್ನು ಆಡುತ್ತಲೇ ಇದ್ದಾರೆ, ಅವರಲ್ಲಿ ಕೆಲವರ ಮನೆಯಲ್ಲಿ ಸ್ಪೀಕರ್ ಇಲ್ಲದಿದ್ದರೆ ಆಶ್ಚರ್ಯವೇನು? ಹೆಡ್‌ಫೋನ್ ಚುಚ್ಚದ ಹೊರತು ಆಟ ತೆರೆಯುವುದಿಲ್ಲ ಎಂದು ಅವರಿಗೆ ಹೇಳುವುದನ್ನು ಕಲಾನಿಷ್ಠೆ ಎನ್ನಲಾಗದು.

ಡ್ರೈವರ್ ಬದಲಿಸಿದರೆ ಎಷ್ಟೋ ಸಲ ಸರಿಹೋಗುತ್ತದಲ್ಲ, ಆಡಲು ಕೂತವನಿಗೆ ಕಾರಣದ ಗೊಡವೆ ಯಾಕೆ ಎಂದು ಕೇಳುವವರಿಗೂ ಉತ್ತರ ಕೊಡಬೇಕು. ಸರಿಹೋಗುತ್ತದೆ, ನಿಜ. ವಿಸ್ಟಾದ ಮೊದಲ ದಿನಗಳಲ್ಲಂತೂ ಹೊಸ ಡ್ರೈವರೇ ಮದ್ದಾಗಿತ್ತು. ಆದರೆ ಒಂದು ಡ್ರೈವರ್ ಪ್ಯಾಕೇಜ್ ಹಾಕುವಾಗ ಡ್ರೈವರ್ ಒಂದೇ ಬದಲಾಗುವುದಿಲ್ಲ. ಮುಖ್ಯ ಸಾಧನ ಯಾವುದೆಂಬ ಆಯ್ಕೆ, ಸ್ಯಾಂಪಲ್ ದರ, ಲ್ಯಾಪ್‌ಟಾಪ್ ತಯಾರಕರು ತಗುಲಿಸಿರುವ ಧ್ವನಿ ಮೆರುಗಿನ ತಂತ್ರಾಂಶ, ಇವೆಲ್ಲ ಒಟ್ಟಿಗೆ ಮೊದಲ ಸ್ಥಿತಿಗೆ ಬರಬಹುದು. 2011ರ ಸ್ಕೈರಿಮ್ ತೆರೆಯುತ್ತಲೇ ಕುಸಿಯುತ್ತಿದ್ದಾಗ ಎಲ್ಲೆಡೆ ಹಬ್ಬಿದ ಪರಿಹಾರ, ವಿಂಡೋಸಿನ ಶಬ್ದದ ಸೆಟ್ಟಿಂಗಿನಲ್ಲಿ ದರವನ್ನು 44,100 ಹರ್ಟ್ಸ್‌ಗೆ ಇಳಿಸುವುದಾಗಿತ್ತು. ಅಂಥ ಕಡೆ ಡ್ರೈವರ್ ಮತ್ತೆ ಹಾಕಿದವನಿಗೆ ದರ ತಾನಾಗಿ ಬದಲಾಗಿ ಆಟ ತೆರೆದರೆ, ಅವನು ಡ್ರೈವರಿಗೆ ಕೈಮುಗಿಯುತ್ತಾನೆ, ಊರಿಗೆಲ್ಲ ಅದನ್ನೇ ಹೇಳುತ್ತಾನೆ. ಮುಂದಿನವನ ದರ ಬದಲಾಗುವುದಿಲ್ಲ, ಆಟವೂ ತೆರೆಯುವುದಿಲ್ಲ. ಸಲಹೆಗಳ ಪಟ್ಟಿ ಉದ್ದವಾಗುತ್ತಾ ಹೋಗುವುದು ಹೀಗೆ.

ಕಳೆಯುವ ಕ್ರಮವೂ ಸರ್ವಜ್ಞವೇನಲ್ಲ. ಆಟಕ್ಕೆ ನುಸುಳಿಕೊಳ್ಳುವ ಆ ಮೆರುಗಿನ ತಂತ್ರಾಂಶ, ಸಾಧನ ನಿಷ್ಕ್ರಿಯವಾದ ಮೇಲೂ ಹಿನ್ನೆಲೆಯಲ್ಲಿ ಕೂತೇ ಇರಬಹುದು. ಅದನ್ನು ಟಾಸ್ಕ್ ಮ್ಯಾನೇಜರಿನಲ್ಲಿ ಬೇರೆಯಾಗಿ ನಿಲ್ಲಿಸಬೇಕು. ಹತ್ತು ಸಲದಲ್ಲಿ ಒಮ್ಮೆ ಮಾತ್ರ ಬರುವ ದೋಷಕ್ಕೆ ಒಂದು ಪರೀಕ್ಷೆಯಿಂದ ಏನೂ ಹೇಳಲಾಗದು. ಮೂಕ ದಾರಿಯೂ ಸೇರಿದರೆ ಬಿಡುಗಡೆಗೆ ಮುಂಚೆ ಪರೀಕ್ಷಿಸಬೇಕಾದ್ದು ಇನ್ನೊಂದು ಹೆಚ್ಚಾಯಿತು ಎಂದು ಸ್ಟುಡಿಯೋಗಳು ಗೊಣಗಿದರೆ ಅದರಲ್ಲೂ ತುಸು ಅರ್ಥವಿದೆ. ಆದರೆ ಅವರಲ್ಲಿ ಅನೇಕರು ಬಳಸುವ ಅನ್‌ರಿಯಲ್ ಎಂಜಿನ್‌ನಲ್ಲಿ ನೋಸೌಂಡ್ ಸ್ವಿಚ್ ಈಗಲೂ ಇದೆ. ಸೌಂಡ್ ಕಾರ್ಡೇ ಇಲ್ಲದ ಸರ್ವರುಗಳಲ್ಲಿ ಆಟವನ್ನು ರಾತ್ರಿಯೆಲ್ಲ ತಾನಾಗಿ ಓಡಿಸಿ ಪರೀಕ್ಷಿಸಲು ಇಂಥದೊಂದು ವ್ಯವಸ್ಥೆ ಬೇಕೇ ಬೇಕು. ಮೂಕವಾಗಿ ಓಡಬಲ್ಲ ಆಟ ಅವರ ಕೈಯಲ್ಲಿ ಆಗಲೇ ಇದೆ. ಅಂಗಡಿಗೆ ಹೋಗುವ ಆವೃತ್ತಿಯಲ್ಲಿ ಆ ಸ್ವಿಚ್ಚನ್ನು ಉಳಿಸಿ, ಸಹಾಯದ ಪುಟದ ಮೊದಲ ಸಾಲಿನಲ್ಲಿ ಅದರ ಹೆಸರು ಬರೆಯುವುದಷ್ಟೇ ಬಾಕಿ.