ಮೀನುಗಾರರ ಮಾತು, ತೆರೆಯ ಮೇಲೆ

ಇಟಲಿಯ ಸಿನಿಮಾದಲ್ಲಿ ದನಿ ಮತ್ತು ಸದ್ದು ಎಂಬ ವಿಷಯ ಹಿಡಿದು ಪಿಎಚ್.ಡಿ. ಮಾಡುವ ಮನಸ್ಸು ನಮ್ಮ ಕಾರವಾರದ ಹಬ್ಬುವಾಡದ ಯಾರಿಗಾದರೂ ಇದ್ದರೆ, 1948ರ ‘ಲಾ ತೆರ್ರಾ ತ್ರೆಮಾ’ ಚಿತ್ರದಿಂದ ಶುರು ಮಾಡಲಿ. ಲುಕಿನೋ ವಿಸ್ಕೊಂತಿ ಸಿಸಿಲಿಯ ಆಚಿ ತ್ರೆಜ್ಜಾ ಎಂಬ ಕಡಲೂರಿಗೆ ಹೋಗಿ, ಅಲ್ಲಿಯ ಮೀನುಗಾರರನ್ನೇ ನಟರನ್ನಾಗಿಸಿ, ಅವರ ಆಡುಮಾತನ್ನೇ ಆಡಿಸಿದ. ಉಳಿದ ಇಟಲಿಗೆ ಆ ಮಾತು ತಿಳಿಯದೆಂದು ಇಟಾಲಿಯನ್ ನಿರೂಪಣೆ ಸೇರಿಸಬೇಕಾಯಿತು. ಬೈತಖೋಲ ಬಂದರಿನ ಕೊಂಕಣಿ, ಅಂಕೋಲೆಯ ಹಾಲಕ್ಕಿಗಳ ಕನ್ನಡ ಕೇಳಿ ಬೆಳೆದ ನಮಗೆ ಇದೆಲ್ಲ ಮನೆಯದೇ ಸಂಗತಿ.

ಆದರೆ ಆ ಕಾಲದ ಇಟಲಿಯ ವಾಡಿಕೆ ಬೇರೆಯಿತ್ತು. ಅಲ್ಲಿ ಮೊದಲು ಚಿತ್ರೀಕರಣ, ದನಿ ಆಮೇಲೆ. ನಿರ್ದೇಶಕ ಫೆಲಿನಿ ಎಷ್ಟೋ ಸಲ ನಟರಿಂದ ಬರೀ ಅಂಕಿ ಎಣಿಸಿ, ಮಾತನ್ನು ಡಬ್ಬಿಂಗ್ ಕೋಣೆಯಲ್ಲಿ ಕೂರಿಸುತ್ತಿದ್ದ. ಟ್ಯೂನಿಸ್‌ನಲ್ಲಿ ಹುಟ್ಟಿ, ಫ್ರೆಂಚ್ ಆಡುತ್ತ ಬೆಳೆದ ನಟಿ ಕ್ಲೌಡಿಯಾ ಕಾರ್ಡಿನಾಲೆಗೆ ಮೊದಮೊದಲು ಬೇರೆಯವರದೇ ಕಂಠ. 1963ರಲ್ಲಿ ಫೆಲಿನಿಯದೇ ‘ಎಂಟೂವರೆ’ಯಲ್ಲಿ ಆಕೆಯ ಸ್ವಂತ ಒಡಕು ದನಿ ಕೇಳಿಸಿತು. ಆ ದೃಶ್ಯಗಳನ್ನು ಒಮ್ಮೆ ಕಣ್ಣು ಮುಚ್ಚಿ ಕೇಳಿ.

ನಮ್ಮ ಕನ್ನಡ ಚಿತ್ರರಂಗವೂ ಬಹುಕಾಲ ಡಬ್ಬಿಂಗ್ ಥಿಯೇಟರನ್ನೇ ನೆಚ್ಚಿತು. ಕ್ಯಾಮೆರಾದ ಗರಗರ, ಜನರೇಟರಿನ ಸದ್ದು, ಸುತ್ತ ನೆರೆದ ಜನ, ಕಾರಣಗಳಿದ್ದವು, ನಿಜ. ಆದರೆ ಪಾತ್ರ ಕಡಲ ದಂಡೆಯಲ್ಲಿದ್ದರೂ ಅಡುಗೆಮನೆಯಲ್ಲಿದ್ದರೂ ಮಾತು ಮಾತ್ರ ಮೈಕಿನಿಂದ ಅಷ್ಟೇ ದೂರದಲ್ಲಿ ನಿಂತಂತೆ ಕೇಳುತ್ತದೆ. ಗಾಳಿಗೆ ಎದುರಾಗಿ ಕೂಗುವವನ ಉಸಿರು ಎಸಿ ಕೋಣೆಯಲ್ಲಿ ಹುಟ್ಟುವುದಿಲ್ಲ. ಮಂಡ್ಯದ ಹಳ್ಳಿಗರನ್ನೇ ಹಾಕಿಕೊಂಡು, ಸ್ಥಳದಲ್ಲೇ ದನಿ ಹಿಡಿದು ರಾಮ್ ರೆಡ್ಡಿ ಮಾಡಿದ ‘ತಿಥಿ’ಯ ಹೆಚ್ಚುಗಾರಿಕೆ ಇಲ್ಲಿದೆ. 2015ರಲ್ಲಿ ಅದಕ್ಕೆ ತನ್ನ ಚಿತ್ರೋತ್ಸವದ ಗೋಲ್ಡನ್ ಲೆಪರ್ಡ್ ಪ್ರಶಸ್ತಿ ಕೊಟ್ಟ ಲೊಕಾರ್ನೋ, ಸ್ವಿಟ್ಜರ್‌ಲೆಂಡಿನಲ್ಲಿದ್ದರೂ ಇಟಾಲಿಯನ್ ಮಾತಾಡುವ ಊರು ಎಂಬುದು ನನಗೆ ಖುಷಿಯ ವಿಷಯ.

ಅಂಕೋಲೆ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಜ್ಜಿ, ಅಂದರೆ 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ, ಹಾಡಿದ್ದನ್ನು ಕೇಳಿದವರು ಯೋಚಿಸಿ ನೋಡಿ: ಆ ದನಿಗೆ ಬೇರೊಬ್ಬರು ಕಂಠದಾನ ಮಾಡಲಾದೀತೆ?

ಕಾರವಾರ, ಅಂಕೋಲೆಗೆ ಶೂಟಿಂಗ್‌ಗೆ ಬರುವ ನಿರ್ದೇಶಕರಲ್ಲಿ ನನ್ನದೊಂದು ಕೋರಿಕೆ. ನಮ್ಮ ಕಡಲನ್ನು ಸೆರೆಹಿಡಿಯಲು ಡ್ರೋನ್ ತರುತ್ತೀರಿ; ಜತೆಗೆ ಒಬ್ಬ ಒಳ್ಳೆಯ ಸೌಂಡ್ ರೆಕಾರ್ಡಿಸ್ಟನ್ನೂ ಕರೆತನ್ನಿ. ಮೀನು ಮಾರುವ ಹೆಂಗಸಿನ ಪಾತ್ರಕ್ಕೆ ಬೆಂಗಳೂರಿನ ಕಂಠ ಹಚ್ಚಬೇಡಿ.