ಸರಕು ತಡವಾದರೆ ದಂಡ, ಹಣ ತಡವಾದರೆ ಬರೀ ಬಡ್ಡಿ

1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಸೆಕ್ಷನ್ 73ರ ಕೆಳಗೆ ಒಂದಿಷ್ಟು ಉದಾಹರಣೆಗಳಿವೆ. ಐವತ್ತು ಮಣ ಪೆಟ್ಲುಪ್ಪು ಮಾರುತ್ತೇನೆಂದು ಮಾತು ಕೊಟ್ಟು ತಪ್ಪಿದವನು, ಗಿರಣಿಯ ಯಂತ್ರವನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸದ ಸಾಗಣೆದಾರ, ಹೀಗೆ ಆ ಕಾಲದ ವ್ಯಾಪಾರಿ ಲೋಕವೇ ಅಲ್ಲಿದೆ. ಪಟ್ಟಿಯ ಕೊನೆಯ ಕಡೆಗೆ ಬರುವ ಒಂದು ಪ್ರಸಂಗ ಮಾತ್ರ ಓದಿದವರನ್ನು ಬೆಚ್ಚಿಬೀಳಿಸುತ್ತದೆ. ಗೊತ್ತುಮಾಡಿದ ದಿನ ಬರಬೇಕಿದ್ದ ಹಣ ಬರಲಿಲ್ಲ. ಅದನ್ನೇ ನಂಬಿದ್ದವನು ತನ್ನ ಸಾಲ ತೀರಿಸಲಾಗದೆ ಪೂರ್ತಿ ಮುಳುಗಿಹೋದ. ಅವನಿಗೆ ಸಿಗುವುದೇನು? ಅಸಲು, ಮತ್ತು ಪಾವತಿಯ ದಿನದವರೆಗಿನ ಬಡ್ಡಿ. ಬೇರೇನೂ ಇಲ್ಲ. ಮನುಷ್ಯ ದಿವಾಳಿಯೆದ್ದು ಹೋಗುವುದನ್ನು ಕಾಯ್ದೆ ಬರೆದವರು ಕಣ್ಣಮುಂದೆ ಊಹಿಸಿಕೊಂಡೇ ಹೀಗೆ ಬರೆದರು ಎಂಬುದು ಗಮನಿಸಬೇಕಾದ ಸಂಗತಿ.

ಹಾಗಾದರೆ ಕರಾರಿನಲ್ಲೇ ಹೆಚ್ಚು ಬಡ್ಡಿ ಬರೆಸಿಕೊಂಡರಾಯಿತಲ್ಲ ಎಂದರೆ ಸೆಕ್ಷನ್ 74 ಅಡ್ಡ ಬರುತ್ತದೆ. ತಪ್ಪಿದ ದಿನದಿಂದ ಏರುವ ಬಡ್ಡಿ ‘ದಂಡ’ವಾಗಬಹುದು ಎನ್ನುತ್ತದೆ 1899ರಲ್ಲಿ ಅದಕ್ಕೆ ಸೇರಿಸಿದ ವಿವರಣೆ. ಶೇ 12ರ ಬಡ್ಡಿ ತಪ್ಪಿದಾಗ ಶೇ 75ಕ್ಕೆ ಏರಿದರೆ ಅದು ದಂಡ. ನ್ಯಾಯಾಲಯ ಸಮಂಜಸ ಎಂದುಕೊಂಡಷ್ಟು ಮಾತ್ರ ದಕ್ಕುತ್ತದೆ. ಬಡ್ಡಿಕೋರರಿಂದ ಬಡವನನ್ನು ಕಾಯಲು ಈ ಮಾತು ಬೇಕಿತ್ತು, ನಿಜ. ಆದರೆ ಸರಕು ಒಪ್ಪಿಸಿ ಹಣಕ್ಕಾಗಿ ಅಲೆಯುವ ಸಣ್ಣ ಪೂರೈಕೆದಾರನಿಗೂ ಅದೇ ಅಳತೆಗೋಲು.

ಈಗ ತಕ್ಕಡಿಯ ಇನ್ನೊಂದು ತಟ್ಟೆ. 1947ರಲ್ಲಿ ಮೌಲಾ ಬಕ್ಷ್ ಎಂಬ ಗುತ್ತಿಗೆದಾರರು ಈಗಿನ ಉತ್ತರ ಪ್ರದೇಶ ವಲಯದ ಸೇನಾ ಕೇಂದ್ರಕ್ಕೆ ಆಲೂಗಡ್ಡೆ, ಮೊಟ್ಟೆ, ಮೀನು, ಕೋಳಿ ಪೂರೈಸಲು ಒಪ್ಪಿಕೊಂಡು ಎರಡು ಕರಾರುಗಳಿಗೆ ಒಟ್ಟು 18,500 ರೂಪಾಯಿ ಠೇವಣಿ ಇಟ್ಟಿದ್ದರು. ಪೂರೈಕೆ ಪದೇಪದೇ ತಪ್ಪಿತು. ಸರ್ಕಾರ ಕರಾರು ರದ್ದು ಮಾಡಿ ಠೇವಣಿ ನುಂಗಿತು. 1969ರಲ್ಲಿ ಸುಪ್ರೀಂ ಕೋರ್ಟ್ ಕೇಳಿದ ಪ್ರಶ್ನೆ ಸರಳ: ನಷ್ಟವೆಲ್ಲಿ? ಆಲೂಗಡ್ಡೆಯನ್ನು ಬೇರೆ ಕಡೆ ಹೆಚ್ಚು ಬೆಲೆಗೆ ಕೊಂಡಿದ್ದರೆ ಲೆಕ್ಕ ತೋರಿಸುವುದು ಕಷ್ಟವಲ್ಲ. ತೋರಿಸಲಿಲ್ಲ, ಆದ್ದರಿಂದ ಠೇವಣಿ ಹಿಂದಿರುಗಿಸಿ. ಕರಾರು ಮುರಿದವನ ಪಾಲಿಗೂ ನ್ಯಾಯವಿದೆ ಎಂದ ಈ ತೀರ್ಪು ಬಹುಕಾಲ ಹೊಳಪು ಕಳೆದುಕೊಳ್ಳಲಿಲ್ಲ. ಹಣ ಕೈಗೆ ಬರಲು ಇಪ್ಪತ್ತೆರಡು ವರ್ಷ ಹಿಡಿಯಿತು ಎಂಬುದು ಬೇರೆ ಮಾತು.

ಆ ಹೊಳಪಿಗೆ ಮಸಿ ತಾಗಿದ್ದು 2003ರಲ್ಲಿ. ಒಎನ್‌ಜಿಸಿಗೆ ಸಾ ಪೈಪ್ಸ್ ಕಂಪನಿ ಕೇಸಿಂಗ್ ಪೈಪುಗಳನ್ನು 1996ರ ನವೆಂಬರ್ ಮಧ್ಯದೊಳಗೆ ಕೊಡಬೇಕಿತ್ತು. ಯುರೋಪಿನ ಉಕ್ಕು ಕಾರ್ಖಾನೆಗಳಲ್ಲಿ ಮುಷ್ಕರವಾಗಿ ಕಚ್ಚಾ ಮಾಲು ಬರಲಿಲ್ಲ. ಒಎನ್‌ಜಿಸಿ ಗಡುವು ವಿಸ್ತರಿಸಿತು, ಆದರೆ ಜೊತೆಗೇ ದಂಡ ಬಿಡುವುದಿಲ್ಲ ಎಂದೂ ಹೇಳಿತು. ವಾರಕ್ಕೆ ಶೇ 1, ಗರಿಷ್ಠ ಶೇ 10 ಎಂಬ ಷರತ್ತಿನಂತೆ ಬಿಲ್ಲಿನಿಂದಲೇ ಮುರಿದುಕೊಂಡಿತು. ನಷ್ಟ ಸಾಬೀತಾಗಿಲ್ಲ ಎಂದು ಪಂಚಾಯ್ತಿದಾರರು ಹಣ ಕೊಡಿಸಿದರೆ, ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಎರಡೂ ಕಡೆಯವರು ಮುಂಚಿತವಾಗಿ ಪ್ರಾಮಾಣಿಕವಾಗಿ ಅಂದಾಜಿಸಿದ ಮೊತ್ತವಾದರೆ ನಷ್ಟದ ಪುರಾವೆ ಬೇಡ. ಅದು ಅನ್ಯಾಯದ್ದೆಂದು ತೋರಿಸುವ ಭಾರ ಪೂರೈಕೆದಾರನದು.

ತರ್ಕ ದುರ್ಬಲವಲ್ಲ. ಒಂದು ತೈಲಬಾವಿಗೆ ಪೈಪು ತಡವಾದ ನಷ್ಟವನ್ನು ರೂಪಾಯಿ ಪೈಸೆಯಲ್ಲಿ ತೋರಿಸುವುದು ಸುಲಭವೂ ಅಲ್ಲ. ತೊಂದರೆ ಇರುವುದು ‘ಎರಡೂ ಕಡೆಯವರು’ ಎಂಬಲ್ಲಿ. ಸರ್ಕಾರಿ ಟೆಂಡರಿನ ಅಚ್ಚಾದ ಷರತ್ತುಗಳ ಕೆಳಗೆ ಸಹಿ ಹಾಕುವವನು ಏನನ್ನೂ ಅಂದಾಜಿಸುವುದಿಲ್ಲ. ಸಹಿ ಹಾಕುತ್ತಾನೆ, ಅಷ್ಟೇ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ‘ಎಲ್‌ಡಿ ಕಡಿತ’ (ಲಿಕ್ವಿಡೇಟೆಡ್ ಡ್ಯಾಮೇಜಸ್, ಅಂದರೆ ಮೊದಲೇ ಗೊತ್ತುಮಾಡಿದ ದಂಡ) ಎಂಬುದನ್ನು ತೆರಿಗೆಯಂತೆಯೇ ಮೊದಲೇ ಬೆಲೆಯಲ್ಲಿ ಸೇರಿಸಿಕೊಳ್ಳುವವರಿದ್ದಾರೆ. ಸುಪ್ರೀಂ ಕೋರ್ಟಿನ 2015ರ ಕೈಲಾಶ್‌ನಾಥ್ ತೀರ್ಪು, ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ ಎಂದು ಮೌಲಾ ಬಕ್ಷ್ ದಾರಿಗೆ ಬಹುಮಟ್ಟಿಗೆ ಮರಳಿತು. ಆದರೂ ಕಡಿತ ಮೊದಲು, ವಾದ ಆಮೇಲೆ ಎಂಬ ಪದ್ಧತಿ ಅಲುಗಿಲ್ಲ. ಕೊಳ್ಳುವವನ ಕೈಯಲ್ಲಿ ಹಣವಿರುತ್ತದೆ. ತನ್ನ ದಂಡವನ್ನು ತಾನೇ ವಸೂಲು ಮಾಡಿಕೊಳ್ಳುತ್ತಾನೆ. ಮಾರಿದವನು ಮಾತ್ರ ವಕೀಲರನ್ನು ಹುಡುಕಬೇಕು.

ಈ ಓರೆಯನ್ನು ಸಂಸತ್ತು ಕಂಡಿದೆ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳು ಸೇರುವ ಚಕ್ರಬಡ್ಡಿ. 2024ರಲ್ಲಿ ಆ ದರ ಶೇ 6.75 ಇತ್ತು, ಅಂದರೆ ಬಡ್ಡಿ ಶೇ 20.25. ಈ ಕಾಯ್ದೆಯಡಿಯ ವ್ಯಾಜ್ಯ ವೇದಿಕೆಯ ತೀರ್ಪನ್ನು ಪ್ರಶ್ನಿಸುವ ಖರೀದಿದಾರ ಮೊದಲು ಶೇ 75ರಷ್ಟು ಹಣ ಕಟ್ಟಬೇಕು. ಇದು ಕಾಯ್ದೆಯೇ ವಿಧಿಸಿದ ಬಡ್ಡಿಯಾದ್ದರಿಂದ ‘ದಂಡ’ ಎಂದು ಸೆಕ್ಷನ್ 74ರಡಿ ಇಳಿಸಲು ಬಾರದು. ಒಳ್ಳೆಯ ಕಾಯ್ದೆ, ಸಂಶಯವಿಲ್ಲ.

ಆದರೆ ಸುಪ್ರೀಂ ಕೋರ್ಟಿನ 2021ರ ಸಿಲ್ಪಿ ಇಂಡಸ್ಟ್ರೀಸ್ ತೀರ್ಪು ಬಾಗಿಲನ್ನು ಕಿರಿದು ಮಾಡಿತು. ಕರಾರು ಮುಗಿದ ಮೇಲೆ ನೋಂದಾಯಿಸಿಕೊಂಡವರಿಗೆ ಹಿಂದಿನ ವ್ಯವಹಾರಕ್ಕೆ ಈ ಲಾಭವಿಲ್ಲ ಎಂದಿತು. ಖರೀದಿದಾರ ಅದೇ ವೇದಿಕೆಯಲ್ಲಿ ಪ್ರತಿದಾವೆಯನ್ನೂ ಹೂಡಬಹುದು. ಕಾನೂನಿನ ಅಕ್ಷರಕ್ಕೆ ಎರಡೂ ಸರಿ. 90 ದಿನಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುವ ವ್ಯಾಜ್ಯ ಪ್ರತಿದಾವೆಯ ಭಾರಕ್ಕೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು ಯಾರಾದರೂ ಊಹಿಸಬಹುದು.

ಇದಕ್ಕಿಂತ ಹಳೆಯ, ಇದಕ್ಕಿಂತ ನೇರವಾದ ನಿಯಮವೊಂದು ಬೆಳಗಾವಿ, ಬಾಗಲಕೋಟೆ, ಮಂಡ್ಯದ ರೈತರಿಗೆ ಬಾಯಿಪಾಠ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೊಟ್ಟ 14 ದಿನಗಳಲ್ಲಿ ಹಣ, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ಆದರೆ ರೈತ ಧರಣಿ ಕೂರುವುದು ಅಸಲಿಗಾಗಿ. ಬಡ್ಡಿಯ ಮಾತು ಬಾಕಿ ತೀರಿದ ಖುಷಿಯಲ್ಲೇ ಮರೆತುಹೋಗುತ್ತದೆ. ಉತ್ತರ ಪ್ರದೇಶದಲ್ಲಂತೂ ಮೂರು ಹಂಗಾಮುಗಳ ಬಡ್ಡಿಯನ್ನು ಸರ್ಕಾರವೇ ಕಾರ್ಖಾನೆಗಳಿಗೆ ಮನ್ನಾ ಮಾಡಿತ್ತು. 2017ರಲ್ಲಿ ಅಲಹಾಬಾದ್ ಹೈಕೋರ್ಟ್ ಆ ನಿರ್ಧಾರವನ್ನು ರದ್ದುಗೊಳಿಸಬೇಕಾಯಿತು. ರೈತನಿಗೆ ಸಲ್ಲಬೇಕಾದ ಬಡ್ಡಿಯನ್ನು ಮೂರನೆಯವರು ದಾನ ಮಾಡಿದ್ದು!

ನ್ಯಾಯಾಲಯಗಳು ಸರಕಿನ ತಡವನ್ನು ನಷ್ಟವೆಂದು ಸುಲಭವಾಗಿ ನಂಬಿ, ಹಣದ ತಡವನ್ನು ಬರೀ ಬಡ್ಡಿಯ ಲೆಕ್ಕವೆಂದು ಕಾಣುತ್ತಿರುವವರೆಗೆ ಪೂರೈಕೆದಾರನಿಗೆ ಇರುವ ಆಸರೆ ಕಾಗದಪತ್ರ ಮಾತ್ರ. ಸಣ್ಣ ಉದ್ದಿಮೆಯವರು ಆರ್ಡರ್ ಹಿಡಿಯುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಲಿ, ಸರಕು ಇಳಿಸಿದ ದಿನ ಚಲನ್ ಮೇಲೆ ತಾರೀಖು ಸಮೇತ ಮೊಹರು ಹಾಕಿಸಿಕೊಳ್ಳಲಿ. ಅಲ್ಲಿಂದ 15 ದಿನಗಳೊಳಗೆ ಖರೀದಿದಾರನ ಲಿಖಿತ ತಕರಾರು ಬಾರದಿದ್ದರೆ, ಸರಕು ಮುಟ್ಟಿದ ದಿನವೇ ಅದನ್ನು ಒಪ್ಪಿಕೊಂಡ ದಿನ ಎನ್ನುತ್ತದೆ ಎಂಎಸ್‌ಎಂಇ ಕಾಯ್ದೆ.