ದೀಪಕ್ಕೆ ಹನ್ನೆರಡು ನಿವರ್ತನ, ಡೊಮೇನಿಗೆ ಎಷ್ಟು?

ಶಾಸನಗಳ ಜಾಲತಾಣ ಮಾಡೋದು ಈಗ ಸುಲಭ, ಉಳಿಸಿಕೊಳ್ಳೋದು ಕಷ್ಟ. ಹೋಸ್ಟಿಂಗ್ ಮತ್ತು ಡೊಮೇನ್ ಮಾರುವವರ ಷರತ್ತುಗಳನ್ನು ಶಾಸನ ಓದುವ ಹಾಗೆ ಸಾಲು ಸಾಲಾಗಿ ಓದಿದರೆ ಕಾರಣ ತಿಳಿಯುತ್ತದೆ.

ಮೊದಲು ನಮ್ಮ ಜಿಲ್ಲೆಯದೇ ಒಂದು ಕಲ್ಲು. ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನ ಕ್ರಿ.ಶ. 945ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯ ಕಥೆ ಅದರಲ್ಲಿದೆ. ನಾನಾ ನಾಡಿನ ವಿದ್ಯಾರ್ಥಿಗಳು ಅಲ್ಲಿ ಬಂದು ಓದುತ್ತಿದ್ದರು. ಆದರೆ 'ಕಟ್ಟಿಸಿದ' ಅಂತ ಹೇಳಿ ಶಾಸನ ಮುಗಿಯೋದಿಲ್ಲ. ಶಾಲೆಗೆ 500 ನಿವರ್ತನ ಭೂಮಿ, ದೀಪಕ್ಕೆ 12, ಹೂದೋಟಕ್ಕೆ 4, ಉಪಾಧ್ಯಾಯರಿಗೆ 50, ಜೊತೆಗೆ 27 ಮನೆ. ಊರಲ್ಲಿ ಮದುವೆ, ಮುಂಜಿ, ಚೌಲ ಆದಾಗಲೂ ಶಾಲೆಗೆ ಇಷ್ಟು ಅಂತ ಕೊಡಬೇಕು. ಎಣ್ಣೆಯ ಖರ್ಚು ಯಾರ ತಲೆಗೆ ಅನ್ನೋದು ಮೊದಲೇ ತೀರ್ಮಾನವಾಗಿತ್ತು.

ಈಗ ನಮ್ಮ ಕಾಲದ ದತ್ತಿ ನೋಡಿ. ಮುದ್ದೇಬಿಹಾಳದ ಸುತ್ತಿನ ಹಳ್ಳಿಗಳ ಶಾಸನ, ವೀರಗಲ್ಲುಗಳ ಫೋಟೋ ಮತ್ತು ಪಾಠ ಹಾಕಿದ್ದ ನಮ್ಮ ತಾಣದ ಅನುಭವದಿಂದಲೇ ಹೇಳುತ್ತೇನೆ. ಕಂಪನಿಯ ಹೆಸರು ಬೇಡ, ಪದ್ಧತಿ ಮುಖ್ಯ.

ಒಂದು, ದರ. ಜಾಹೀರಾತಿನ ದೊಡ್ಡಕ್ಷರ ಮೊದಲ ವರ್ಷದ್ದು. ನವೀಕರಣದ ದರ ಕೆಳಗೆ ಸಣ್ಣಕ್ಷರದಲ್ಲಿ, ಹಲವು ಪಟ್ಟು. ಸವೆದ ಕಲ್ಲಿನ ಅಕ್ಷರ ಇದಕ್ಕಿಂತ ಚಲೋ ಕಾಣ್ತದೆ!

ಎರಡು, 'ಅನ್‌ಲಿಮಿಟೆಡ್' ಅನ್ನೋ ಮಾತು. ಜಾಗಕ್ಕೆ ಮಿತಿ ಇಲ್ಲ, ಫೈಲುಗಳ ಸಂಖ್ಯೆಗೆ ಇದೆ. ಒಂದು ಪಡಿಯಚ್ಚಿನ ಚಿತ್ರ ಏರಿಸಿದರೆ ತಾಣದ ತಂತ್ರಾಂಶ ತಾನಾಗೇ ನಾಲ್ಕೈದು ಅಳತೆಯ ಪ್ರತಿ ಮಾಡಿಡುತ್ತದೆ. ಶಾಸನದ ತಾಣ ಅಂದರೆ ಚಿತ್ರಗಳ ರಾಶಿ. ಮಿತಿ ಮುಟ್ಟಿದ ದಿನ ತಾಣ ನಿಂತಿತು. ಚಾಟಿನಲ್ಲಿ ಕೇಳಿದರೆ, ದೊಡ್ಡ ಪ್ಲಾನ್ ತಗೊಳ್ಳಿ ಅನ್ನೋ ಸಿದ್ಧ ಉತ್ತರ.

ಮೂರು, ಒಡೆತನ. ಡೊಮೇನ್ ಕೊಂಡೆವು ಅಂತೀವಿ, ನಿಜವಾಗಿ ಅದು ಗುತ್ತಿಗೆ. ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷ. ಅದನ್ನೂ ತಾಣ ಮಾಡಿಕೊಟ್ಟವರು ತಮ್ಮ ಖಾತೆಯಲ್ಲಿ, ತಮ್ಮ ಹೆಸರಲ್ಲೇ ಬರೆಸಿದ್ದರು. ಉತಾರ ಅವರ ಹೆಸರಲ್ಲಿ, ಕಂದಾಯ ನಮ್ಮದು! ಬೇರೆ ಕಡೆ ಒಯ್ಯಲು ಬೇಕಾದ ವರ್ಗಾವಣೆ ಕೋಡ್ ಕೇಳಿದಾಗ ಫೋನೇ ಎತ್ತಲಿಲ್ಲ.

ಅವಧಿ ಮುಗಿದ ಮೇಲಿನ ಆಟ ಇನ್ನೂ ಕೆಟ್ಟದ್ದು. ಡಾಟ್ ಕಾಮ್ ಹೆಸರು ರದ್ದಾದ ಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು, ಆಮೇಲೆ 5 ದಿನ ಕಾಯುವಿಕೆ, ನಂತರ ಯಾರು ಬೇಕಾದರೂ ಹಿಡಿಯಬಹುದು. ಇಂಥ ಹಳೇ ಹೆಸರುಗಳನ್ನು ಜೂಜಿನ ತಾಣಗಳು ಕಾದು ಹಿಡಿಯುತ್ತವೆ. ಪ್ರಬಂಧದ ಅಡಿಟಿಪ್ಪಣಿಯ ಕೊಂಡಿ ಒತ್ತಿದ ವಿದ್ಯಾರ್ಥಿಗೆ ಶಾಸನದ ಬದಲು ಇಸ್ಪೀಟು ಎಲೆ! ದತ್ತಿ ಕಸಿದವರು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ ಅನ್ನೋ ಶಾಪ ಇವರಿಗೆ ತಟ್ಟೋದಿಲ್ಲ.

ಕಂಪನಿಗಳು ಧರ್ಮಛತ್ರವಲ್ಲ, ಒಪ್ಪಿದೆ. ನನ್ನ ತಕರಾರು ದುಡ್ಡು ಕೇಳೋದಕ್ಕಲ್ಲ, ಷರತ್ತು ಮುಚ್ಚಿಡೋದಕ್ಕೆ. ಅಷ್ಟೇ ತಪ್ಪು ತಾಣಗಳಿಗೆ ಅನುದಾನ ಕೊಡುವ ಸಂಸ್ಥೆಗಳದ್ದೂ ಇದೆ. ಉದ್ಘಾಟನೆಗೆ ಹಣ ಕೊಡ್ತಾರೆ, ದೀಪದ ಎಣ್ಣೆಗೆ ಕೊಡೋದಿಲ್ಲ.

ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದುದರಿಂದ ನಮ್ಮ ಶಾಸನಗಳು ಬಂದದ್ದು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಬಾಂಬೆ-ಕರ್ನಾಟಕ ಸಂಪುಟಗಳಲ್ಲಿ. 1940ರ ಹನ್ನೊಂದನೆಯ ಸಂಪುಟವನ್ನು ಇವತ್ತೂ ತೆರೆದು ಓದಬಹುದು. ಸಂಪುಟ ಸಂಖ್ಯೆ, ಶಾಸನ ಸಂಖ್ಯೆ ಹೇಳಿದರೆ ಸಾಕು, ಯಾವ ಗ್ರಂಥಾಲಯದಲ್ಲಾದರೂ ಅದೇ ಪಾಠ.

ಹಾಗಾಗಿ ತಾಣ ನಡೆಸುವ ಗೆಳೆಯರಿಗೆ ಇಷ್ಟು ಹೇಳುತ್ತೇನೆ: ಡೊಮೇನ್ ಸಂಘದ ಹೆಸರಲ್ಲೇ ಇರಲಿ. ಡೊಮೇನ್ ಒಬ್ಬರಲ್ಲಿ, ಹೋಸ್ಟಿಂಗ್ ಇನ್ನೊಬ್ಬರಲ್ಲಿ ಇರಲಿ. ಪಾಠ ಯೂನಿಕೋಡಿನಲ್ಲಿರಲಿ. ಚಿತ್ರಗಳ ಒಂದು ಪ್ರತಿ ಇಂಟರ್‌ನೆಟ್ ಆರ್ಕೈವ್‌ಗೆ, ಒಂದು ಪ್ರತಿ ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಹೋಗಲಿ. ಕೊಂಡಿಯ ಪಕ್ಕದಲ್ಲಿ ಸಂಪುಟ ಮತ್ತು ಶಾಸನದ ಸಂಖ್ಯೆ ತಪ್ಪದೆ ಬರೆಯಿರಿ.

ಹೊಸ ತಾಣ ಶುರು ಮಾಡುವಾಗ ಬಣ್ಣ, ವಿನ್ಯಾಸದ ಮಾತು ಆಮೇಲೆ. ಹತ್ತು ವರ್ಷದ ಎಣ್ಣೆಗೆ ದುಡ್ಡು ಎಲ್ಲಿಂದ ಅಂತ ಮೊದಲು ಬರೆದಿಟ್ಟುಕೊಳ್ರಿ.